ಪುಟ್ಟಿ ಮೆತ್ತಿದ ಬಾಗಿಲು

ನಮ್ಮ ಭಾವನನ್ನು ಶೆಡ್ಡಿನಲ್ಲಿ ಎಲ್ಲರೂ ಮೇಷ್ಟ್ರು ಎನ್ನುತ್ತಾರೆ. ಶಾಲೆಯ ಮೆಟ್ಟಿಲು ಹತ್ತಿದವರೇನಲ್ಲ. ಕಿವಿ ಹಿಂಡಿ ಕೆಲಸ ಕಲಿಸುತ್ತಾರೆ, ಅದಕ್ಕೆ. ಹಳೇ ಕಾರುಗಳ ತುಕ್ಕು ತಿಂದ ತಗಡು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡುವುದು ಅವರ ಪಾಲು. ಅವರ ತಮ್ಮ, ಅಂದರೆ ನಮ್ಮವರು, ಬಾಗಿಲು ಬಾನೆಟ್ಟು ಕೂರಿಸುತ್ತಾರೆ. ಸೀಟು ಹೊಲಿಯುವವಳು ನಾನು. ಮೂಲೆಯಲ್ಲಿ ಮಿಷನ್ನಿನ ಮುಂದೆ ಕೂತು ಅಣ್ಣತಮ್ಮಂದಿರ ಜಗಳ ಕೇಳಲು ಹತ್ತಿ ಇಪ್ಪತ್ತು ವರ್ಷವಾಯಿತು.

ಜಗಳವೆಲ್ಲ ಸಂದಿಯದೇ. ಬಾಗಿಲಿಗೂ ಕಾರಿನ ಮೈಗೂ ನಡುವಿನ ಸಂದಿ ಸುತ್ತಲೂ ಒಂದೇ ಸಮ ಇರಬೇಕು. ಐಸ್‌ಕ್ಯಾಂಡಿಯ ಎರಡು ಕಡ್ಡಿ ಅಂಟಿಸಿದ ಅಳತೆ ಭಾವನ ಜೇಬಿನಲ್ಲಿ ಸದಾ ಇರುತ್ತದೆ. ಅದು ಎಲ್ಲೂ ಸಿಕ್ಕಿಕೊಳ್ಳದೆ, ಎಲ್ಲೂ ಸಡಿಲಾಗದೆ ಓಡಬೇಕು. ತಗಡು ತಿದ್ದುವ ಬದಲು ಪುಟ್ಟಿ ಎಂಬ ಅಂಟುಹಿಟ್ಟು ಮೆತ್ತಿ ಸಂದಿ ಸರಿಮಾಡುವವನು ಅವರ ಲೆಕ್ಕದಲ್ಲಿ ಕಳ್ಳ.

ಹೋದ ತಿಂಗಳು ಮೇಲ್ಛಾವಣಿ ಇಲ್ಲದ ಹಳೇ ಕಾರೊಂದು ಬಂತು. ಬಾಗಿಲ ಕೆಳಗಿನ ತಗಡೆಲ್ಲ ಪುಡಿಪುಡಿ. ಅದನ್ನು ಕತ್ತರಿಸುವ ಮೊದಲು ಬಾಗಿಲಿನ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಪೈಪೊಂದನ್ನು ವೆಲ್ಡ್ ಮಾಡಬೇಕು. ಇಲ್ಲದಿದ್ದರೆ ಕಾರಿನ ಸೊಂಟವೇ ಕುಸಿದು ಬಾಗಿಲಿನ ಸಂದಿ ಕೆಡುತ್ತದೆ. ಹೊಸ ತಗಡು ಕೂತ ಮೇಲೆ ಪೈಪು ಕಿತ್ತರಾಯಿತು. ನಮ್ಮವರ ಬೆನ್ನಿಗೆರಡು ಬಿಟ್ಟು ಇದನ್ನು ಕಲಿಸಿದವರೇ ಭಾವ. ಆ ವಾರ ನಮ್ಮವರು ಜ್ವರದಲ್ಲಿ ಮೂರು ದಿನ ಮಲಗಿಬಿಟ್ಟರು, ನಾನೂ ಮನೆಯಲ್ಲೇ ಉಳಿದೆ. ಭಾವ ಒಬ್ಬರೇ ಕೆಲಸ ಮುಗಿಸಿದ್ದರು.

ನಮ್ಮವರು ಜ್ವರ ಬಿಟ್ಟು ಬಂದು ಬಾಗಿಲು ಕೂರಿಸಿದರೆ, ಮೇಲೆ ಉಗುರೂ ತೂರುವುದಿಲ್ಲ, ಕೆಳಗೆ ಬೆರಳೇ ಹೋಗುತ್ತದೆ. ಕೀಲು ಸಡಿಲಿಸಿದರು, ಬಿಗಿದರು, ಮತ್ತೆ ಸಡಿಲಿಸಿದರು. ಆಮೇಲೆ ಮೆಲ್ಲಗೆ ನನ್ನ ಹತ್ತಿರ ಬಂದರು.

"ಅಣ್ಣ ಪೈಪು ಹಾಕೋದು ಮರ್ತಿದ್ದಾನೆ ಕಣೆ."

"ಹೋಗಿ ಹೇಳ್ರೀ ಮತ್ತೆ. ಇನ್ನೊಂದ್ಸಲ ಮಾಡ್ಲಿ."

"ಹೇಳಿದ್ರೆ ಇನ್ನು ವೆಲ್ಡಿಂಗ್ ಮುಟ್ಟಲ್ಲ ಅವನು. ಅದು ಬಿಟ್ರೆ ಅವನಿಗೆ ಇನ್ನೇನಿದೆ ಹೇಳು?"

ಎರಡು ದಿನ ನಮ್ಮವರು ಬಾಗಿಲಿನ ಮೇಲಂಚು ತೇಯ್ದರು, ಕೆಳಗೆ ಪುಟ್ಟಿ ಮೆತ್ತಿ ಉಜ್ಜಿದರು, ಮೇಲೊಂದು ಕೈ ಪ್ರೈಮರ್ ಹೊಡೆದರು.

ಭಾವ ಬಂದು ಕಣ್ಣು ಮುಚ್ಚಿ ಕಡ್ಡಿ ಓಡಿಸಿದರು. ಸಲೀಸಾಗಿ ಓಡಿತು. ಆಮೇಲೆ ಕೆಳಗಿನ ಅಂಚನ್ನು ಬೆರಳ ಗೆಣ್ಣಿನಿಂದ ತಟ್ಟಿದರು. ತಗಡಿನ ಸದ್ದು ಬರಲಿಲ್ಲ.

"ಪುಟ್ಟೀನಾ?"

"ಹೂಂ ಅಣ್ಣ."

"ಥೂ! ನಾಚಿಕೆ ಆಗಲ್ವೇನೋ? ನನ್ನ ಕೈಲಿ ಕಲ್ತು ಇದಾ ನೀನು ಮಾಡೋದು?"

ಶೆಡ್ಡಿಗೆ ಶೆಡ್ಡೇ ಕೇಳಿಸಿಕೊಂಡಿತು. ನಮ್ಮವರು ತಲೆ ತಗ್ಗಿಸಿ ತಪ್ಪನ್ನು ತಮ್ಮ ಮೇಲೇ ಹಾಕಿಕೊಂಡರು. ನನ್ನ ನಾಲಿಗೆಗೆ ಲಗಾಮಿಲ್ಲ, ಎಲ್ಲರಿಗೂ ಗೊತ್ತು.

"ನೀವು ಪೈಪು ಹಾಕಿದ್ರಾ ಭಾವ?" ಎಂದುಬಿಟ್ಟೆ.

"ಹಾಕದೆ ಕತ್ತರಿಸ್ತೀನೇನಮ್ಮ?"

ಭಾವ ಬಾಗಿಲು ತೆಗೆದು ಮಂಡಿಯೂರಿ, ಒಳಗೆ ಪೈಪಿನ ತುದಿ ಕೂರುವ ಎರಡೂ ಬದಿ ಬೆರಳಾಡಿಸಿದರು. ಕಿತ್ತ ಪೈಪು ಗುರುತು ಬಿಡದೆ ಹೋಗುವುದಿಲ್ಲ. ಅಲ್ಲಿ ಹಳೇ ಬಣ್ಣ ಹಾಗೇ ಇತ್ತು. ಮತ್ತೊಮ್ಮೆ ತಡಕಿದರು. ಅಯ್ಯೋ, ಈ ಹಾಳು ಬಾಯಿ ಯಾಕಾದರೂ ಬಿಟ್ಟೆನೋ ಎನಿಸಿತು.

"ಹೋದ ಸಲದ ನೀಲಿ ಕಾರಿಗೆ ನಾನು ಹಾಕಿದ್ನಾ?" ತಮ್ಮನನ್ನು ಕೇಳಿದರು.

"ನೀನು ಊಟಕ್ಕೆ ಹೋದಾಗ ನಾನು ಹಾಕ್ದೆ."

"ಅದಕ್ಕೂ ಮುಂಚಿನ ಕಾರಿಗೆ?"

"ಅದಕ್ಕೂ ನಾನೇ ಅಣ್ಣ."

ನನಗೂ ಇದು ಹೊಸ ಸುದ್ದಿ. ಅಣ್ಣನ ಮರೆವನ್ನು ಎಷ್ಟು ದಿನದಿಂದ ಒಬ್ಬರೇ ಹೊತ್ತು ತಿರುಗುತ್ತಿದ್ದರೋ, ಹೆಂಡತಿ ಎನಿಸಿಕೊಂಡ ನನ್ನ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಭಾವ ಬಾಗಿಲು ಬಿಚ್ಚಿಸಿದರು. ತಾವೇ ಹಾಕಿದ ಹೊಸ ತಗಡನ್ನು ತಮ್ಮನಿಂದ ಕತ್ತರಿಸಿ ತೆಗೆಸಿ, ಜ್ಯಾಕು ಕೊಟ್ಟು ಕಾರಿನ ನಡು ಎತ್ತಿಸಿದರು. ಆಮೇಲೆ ಒಂದು ಪೈಪು ತಂದು, ಅಡ್ಡಲಾಗಿಟ್ಟು, ಎರಡೂ ಕೈಯಲ್ಲಿ ಹಿಡಿದು ನೆಲದ ಮೇಲೆ ಕೂತರು. ಹಾಗೆ ಹಿಡಿದು ಕೂರುವುದು ಹೊಸದಾಗಿ ಸೇರಿದವರ ಕೆಲಸ.

"ನೀನು ವೆಲ್ಡಿಂಗ್ ಹೊಡಿ" ಎಂದರು ತಮ್ಮನಿಗೆ. "ನಾನು ಸರಿಯಾಗಿ ಹಿಡ್ದಿದೀನಾ, ಒಂದ್ಸಲ ನೋಡ್ಕೋ."