ಎಡೆಗೆ ಮುಂಚೆ ರುಚಿ ನೋಡುವಂತಿಲ್ಲ

ಬದಲಾವಣೆಗಳ ಪಾಠ ಬಂದಾಗಲೆಲ್ಲ ಮಕ್ಕಳಿಗೆ ನಾನು ಅದದೇ ಉದಾಹರಣೆ ಕೊಡುತ್ತೇನೆ. ನೀರು ಕಾದು ಆವಿಯಾದರೆ ಭೌತ ಬದಲಾವಣೆ. ಮುಚ್ಚಳಕ್ಕೆ ತಾಗಿ ಮತ್ತೆ ನೀರಾಗಿ ತೊಟ್ಟಿಕ್ಕುತ್ತದೆ. ಕೊತ್ತಂಬರಿ ಬೀಜ ಹುರಿದರೆ ರಾಸಾಯನಿಕ ಬದಲಾವಣೆ. ಏನು ಮಾಡಿದರೂ ಅದು ಹಸಿ ಬೀಜವಾಗುವುದಿಲ್ಲ. ನಂಜನಗೂಡಿನ ಶಾಲೆಯಲ್ಲಿ ಇದನ್ನು ಹೇಳಿ, ನರಸೀಪುರದಲ್ಲಿ ಬಸ್ಸು ಬದಲಿಸಿ ಮೂಗೂರಿನ ಮನೆ ಸೇರಿದರೆ ಅಪ್ಪ ನಗುತ್ತಿದ್ದ. ಇಷ್ಟು ಹೇಳುವುದಕ್ಕೂ ಸರ್ಕಾರ ಸಂಬಳ ಕೊಡುತ್ತದೆಯೇ ಎಂದು ಅವನ ಗೇಲಿ.

ಅಪ್ಪ ಸುತ್ತಲ ಹಳ್ಳಿಗಳಲ್ಲಿ ತಿಥಿ ಊಟಕ್ಕೆ ಅಡುಗೆ ಮಾಡುತ್ತಿದ್ದ. ಮೂರು ಕಲ್ಲು, ಹುಣಸೆ ಸೌದೆ, ಆಳುದ್ದದ ಸೌಟು. ಇದರಲ್ಲಿ ನಮ್ಮ ಕಡೆ ಒಂದು ಕಟ್ಟುನಿಟ್ಟು ಇದೆ. ತೀರಿಕೊಂಡವರಿಗೆ ಎಡೆ ಇಡುವ ತನಕ ಆ ಅಡುಗೆಯನ್ನು ಯಾರೂ ನಾಲಿಗೆಗೆ ಮುಟ್ಟಿಸುವಂತಿಲ್ಲ, ಅಡುಗೆ ಮಾಡಿದವನೂ. ಉಪ್ಪೆಲ್ಲ ಕೈ ಅಂದಾಜು. ಮಸಾಲೆಯ ಹದ ಮಾತ್ರ ಮೂಗಿಗೆ ಬಿಟ್ಟದ್ದು. ಹೊಗೆಯಲ್ಲಿ, ಕರಿ ಬಾಣಲೆಯಲ್ಲಿ ಬಣ್ಣವನ್ನು ನಂಬುವಂತಿಲ್ಲ. ಹಸಿ ವಾಸನೆ ಹೋಗಿ ಘಮ ಏಳಬೇಕು. ಆ ಘಮ ಒರಟಾಗುವ ಮೊದಲೇ ಇಳಿಸಿಬಿಡಬೇಕು.

ಒಂದು ವರ್ಷ ಕೆಟ್ಟ ಜ್ವರ ಬಂತು. ಜ್ವರ ಬಿಟ್ಟಿತು, ಅಪ್ಪನ ಮೂಗು ಮಾತ್ರ ಸರಿಹೋಗಲಿಲ್ಲ. ಅವನು ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಹಾಲು ಉಕ್ಕಿ ಸೀದು ನಾರುತ್ತಿದ್ದರೂ ಪಕ್ಕದಲ್ಲೇ ಸುಮ್ಮನೆ ಕೂತಿದ್ದನ್ನು ಕಂಡು ನನಗೇ ತಿಳಿಯಿತು. ಇನ್ನು ಅಡುಗೆ ಬಿಡು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಒಲೆಯ ಮುಂದೆ ನಿಂತಾಗ ಬಿಟ್ಟರೆ ಬೇರೆಲ್ಲೂ ಅವನು ಎದೆಯುಬ್ಬಿಸಿ ನಿಂತದ್ದನ್ನು ನಾನು ಕಂಡಿಲ್ಲ.

ನನ್ನ ಮೂಗಿದೆಯಲ್ಲ ಎಂದೆ. ಅಂದಿನಿಂದ ನನಗೆ ರಜೆಯಿರುವ ಭಾನುವಾರದ ತಿಥಿಗಳನ್ನಷ್ಟೇ ಒಪ್ಪಿಕೊಂಡೆವು. ಈರುಳ್ಳಿ ಹೆಚ್ಚುವ ನೆಪದಲ್ಲಿ ಬಾಣಲೆಯ ಹತ್ತಿರ ಕೂರುತ್ತಿದ್ದೆ. ಘಮ ಎದ್ದ ಕ್ಷಣ ಕೆಮ್ಮುತ್ತಿದ್ದೆ, ಅಪ್ಪ ಇಳಿಸುತ್ತಿದ್ದ. ಹೊಗೆಗೆ ಕೆಮ್ಮುವವಳನ್ನು ಯಾರು ತಾನೇ ಅನುಮಾನಿಸುತ್ತಾರೆ? ಸುಮಾರು ಎರಡು ವರ್ಷ ಹೀಗೇ ನಡೆಯಿತು. ಊಟ ಮಾಡಿದವರಿಗೆ ಏನೂ ತಿಳಿಯಲಿಲ್ಲ. ಹೇಳಬಾರದೇನೋ, ನನಗೆ ಆ ಕಳ್ಳಾಟ ಖುಷಿ ಕೊಡುತ್ತಿತ್ತು.

ಆಮೇಲೆ ಹೆಮ್ಮಿಗೆಯಲ್ಲೊಂದು ತಿಥಿ. ಅದೇ ಭಾನುವಾರ ನನಗೆ ಚುನಾವಣಾ ತರಬೇತಿ ಬಿತ್ತು, ತಪ್ಪಿಸಿಕೊಂಡರೆ ನೋಟಿಸು. ಅಪ್ಪ ಒಬ್ಬನೇ ಹೋದ. ಸಂಜೆ ಸ್ಟೀಲಿನ ಕ್ಯಾರಿಯರಿನಲ್ಲಿ ಹುರುಳಿಕಾಳು ಸಾರು ತಂದು ನನ್ನ ಮುಂದಿಟ್ಟ. ಎಂದೂ ತಂದವನಲ್ಲ. ಹೆಂಗದೆ ನೋಡು ಅಂದ. ಮೊದಲ ತುತ್ತಿಗೇ ಗೊತ್ತಾಯಿತು. ಮೆಣಸಿನಕಾಯಿ, ಕೊತ್ತಂಬರಿ ಎರಡೂ ಸೀದು ಸಾರು ಕಹಿ ವಿಷವಾಗಿತ್ತು. ತಿಥಿ ಊಟಕ್ಕೆ ಯಾರೂ ಹೆಸರಿಡುವುದಿಲ್ಲ, ತಲೆ ತಗ್ಗಿಸಿ ಉಂಡು ಏಳುತ್ತಾರೆ. ಹಾಗಾಗಿ ಅಪ್ಪನಿಗೆ ಇದು ಗೊತ್ತೇ ಆಗಿಲ್ಲ ಎಂದುಕೊಂಡೆ.

"ಚೆನ್ನಾಗದೆ ಅಪ್ಪ," ಅಂದೆ. ಕ್ಯಾರಿಯರು ಖಾಲಿ ಮಾಡಿದೆ. ಅವನು ನಾನು ಉಣ್ಣುವುದನ್ನೇ ನೋಡುತ್ತಾ ಕೂತಿದ್ದ.

ಆಮೇಲೆ ಅಪ್ಪ ಒಂದು ತಿಥಿಗೂ ಹೋಗಲಿಲ್ಲ. ಕರೆಯಲು ಬಂದವರಿಗೆ ಸೊಂಟ ನೋವೆಂದ. ಸೌಟನ್ನು ಹುಣಸೆಹುಳಿ ಹಾಕಿ ಬೆಳಗಿ ಅಟ್ಟಕ್ಕೆ ಎತ್ತಿದ. ವಯಸ್ಸಾಯಿತು, ಬಿಟ್ಟದ್ದು ಒಳ್ಳೆಯದೇ ಆಯಿತು ಎಂದು ನಾನು ಒಳಗೊಳಗೇ ನೆಮ್ಮದಿಪಟ್ಟೆ.

ಕಳೆದ ವರ್ಷ ತರಗತಿಯಲ್ಲಿ ಒಬ್ಬ ಹುಡುಗಿ, ನೆಗಡಿಯಾದಾಗ ಊಟ ಯಾಕೆ ರುಚಿಸುವುದಿಲ್ಲ ಎಂದು ಕೇಳಿದಳು. ಮೂಗು ಕಟ್ಟಿದರೆ ಘಮ ತಿಳಿಯುವುದಿಲ್ಲ, ಆದರೆ ಉಪ್ಪು, ಹುಳಿ, ಸಿಹಿ, ಕಹಿ ನಾಲಿಗೆಗೆ ತಿಳಿದೇ ತಿಳಿಯುತ್ತದೆ ಎಂದು ಹೇಳುತ್ತಿದ್ದವಳು ಹಾಗೇ ನಿಂತುಬಿಟ್ಟೆ. ಅಡುಗೆಯವನು ಎಲ್ಲರದೂ ಆದ ಮೇಲೆ ಉಣ್ಣುತ್ತಾನೆ. ಹೆಮ್ಮಿಗೆಯಲ್ಲಿ ಅಪ್ಪನೂ ಉಂಡಿದ್ದ. ಎಷ್ಟು ವರ್ಷದಿಂದ ಇದೇ ಪಾಠ ಮಾಡುತ್ತಿದ್ದೇನೆ ನಾನು!

ಅವತ್ತು ಮನೆಗೆ ಹೋದವಳೇ ಚಪ್ಪಲಿ ಬಿಡುವ ಮುಂಚೆ, ಆ ಸಾರು ಸೀದು ಕಹಿಯಾಗಿತ್ತು ಎಂದು ಹೇಳಿಬಿಟ್ಟೆ. ಅಪ್ಪ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ. ತಲೆ ಎತ್ತಲಿಲ್ಲ.

"ಗೊತ್ತಿತ್ತು. ಊರೋರು ಯೋಳಾಕಿಲ್ಲ. ನೀನಾದ್ರೂ ಯೋಳ್ತೀಯ ಅಂತ ಅಷ್ಟು ದೂರದಿಂದ ತಂದಿದ್ದೆ ಕಣವ್ವ."

ನಾನೂ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸತೊಡಗಿದೆ. ಅವನು ಮೊರವನ್ನು ಸ್ವಲ್ಪ ನನ್ನ ಕಡೆ ಸರಿಸಿದ. ಒಲೆಯ ಮೇಲೆ ಏನಾದರೂ ಇಟ್ಟರೆ ಅವನು ಈಗ ಪಕ್ಕದ ಮನೆಯವಳನ್ನು ಕರೆದು ವಾಸನೆ ಕೇಳುತ್ತಾನೆ. ನಾನು ಮನೆಯಲ್ಲೇ ಇದ್ದರೂ ಅವಳನ್ನೇ ಕರೆಯುತ್ತಾನೆ.