ಎರಡು ಕ್ಯಾನ್ ಬಗ್ಗಡದ ಜೊತೆ ಕುಣಿಗಲ್‌ಗೆ

ಶನಿವಾರ ಬೆಳಿಗ್ಗೆ ಆರೂವರೆಗೆ ತುಮಕೂರಿನಲ್ಲಿ ಗುಬ್ಬಿ ಬಸ್ಸು ಹತ್ತಿದೆ. ಕೈಯಲ್ಲಿ ಇಪ್ಪತ್ತು ಲೀಟರಿನ ಎರಡು ಖಾಲಿ ಕ್ಯಾನು, ಹೆಗಲ ಮೇಲೆ ಮನೆಯ ಹಳೇ ಕಂಬಳಿ. ಪುಷ್ಯದ ಚಳಿ, ಕಿಟಕಿ ಮುಚ್ಚಿದರೂ ಕಿವಿ ಜುಮ್ಮೆನ್ನುತ್ತಿತ್ತು. ಪಾಲಿಟೆಕ್ನಿಕ್‌ನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ಹೀಗೆ ಕ್ಯಾನು ಹೊತ್ತು ಹೊರಟದ್ದಕ್ಕೆ ನಾನೇ ಮಾಡಿಟ್ಟ ಒಂದು ಘನಂದಾರಿ ಕೆಲಸ ಕಾರಣ.

ಕುಣಿಗಲ್ ಆಚೆ ತೆಂಗಿನ ತೋಟಗಳ ನಡುವೆ ಒಂದು ಚಿಕ್ಕ ಘಟಕವಿದೆ. ಯಾರದು, ಏನು ಎಂದು ಹೇಳುವುದಿಲ್ಲ, ಏಕೆಂದರೆ ತಪ್ಪು ಅವರದಲ್ಲ. ಊರಿನ ಕೊಳಚೆ ನೀರು ಅಲ್ಲಿಗೆ ಬರುತ್ತದೆ. ಅದರ ಕೆಸರನ್ನು ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಸಿದರೆ ಗ್ಯಾಸ್ ಬರುತ್ತದೆ. ಆ ಗ್ಯಾಸಿನಲ್ಲಿ ಪಕ್ಕದ ಶೆಡ್ಡಿನಲ್ಲಿ ಪೌರಕಾರ್ಮಿಕರಿಗೆ ಬೆಳಗಿನ ತಿಂಡಿ ಆಗುತ್ತದೆ. ತೊಟ್ಟಿಯಿಂದ ಹೊರಬರುವ ಬಗ್ಗಡವನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ತೆಂಗಿನ ಬುಡಕ್ಕೆ ಹಾಕುತ್ತಾರೆ. ಇದನ್ನೆಲ್ಲ ನೋಡಿಕೊಳ್ಳುವವರು ಅಮೃತೂರು ಕಡೆಯ ಜಯಮ್ಮ. ನಾನು ತಿಂಗಳಿಗೊಮ್ಮೆ ಹೋಗಿ ಬಿಟ್ಟಿ ಸಲಹೆ ಕೊಡುವವನು.

ಹಿಂದಿನ ಸಲ ಹೋದಾಗ ಗ್ಯಾಸ್ ಹೆಚ್ಚಿಸುವ ಆಸೆಗೆ ಬಿದ್ದು, ಕಲ್ಯಾಣ ಮಂಟಪವೊಂದರಲ್ಲಿ ಉಳಿದಿದ್ದ ಎರಡು ಡ್ರಮ್ ಜಾಮೂನಿನ ಪಾಕವನ್ನು ತರಿಸಿ ತೊಟ್ಟಿಗೆ ಸುರಿಸಿದೆ.

"ಬ್ಯಾಡ ಸಾರ್, ಅದ್ಕೆ ಅಜೀರ್ಣ ಆಯ್ತದೆ" ಎಂದಿದ್ದರು ಜಯಮ್ಮ. ನಾನು ನಕ್ಕುಬಿಟ್ಟೆ. ಕೆಲವೇ ದಿನಗಳಲ್ಲಿ ತೊಟ್ಟಿ ಹುಳಿಯಾಯಿತು, ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳು ಸತ್ತವು, ಒಲೆ ಆರಿತು. ಸೋಮವಾರ ಇಂಜಿನಿಯರ್ ಬಂದು ನೋಡುವವರಿದ್ದರು. ಚೇತರಿಸಿಕೊಳ್ಳುವ ಲಕ್ಷಣ ಕಾಣದಿದ್ದರೆ ತೊಟ್ಟಿಯನ್ನು ಮುಚ್ಚಿಸುವುದೆಂದು ತೀರ್ಮಾನವಾಗಿತ್ತು. ಅಲ್ಲಿಗೆ ಜಯಮ್ಮನ ಕೆಲಸವೂ ಮುಗಿಯುತ್ತಿತ್ತು. ಇದು ಕಿವಿಗೆ ಬಿದ್ದಾಗಿನಿಂದ ನನಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ.

ಗುಬ್ಬಿಗೆ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ಇಳಿದು ಎರಡು ತಟ್ಟೆ ಇಡ್ಲಿ ತಿಂದು, ಊರಾಚೆಯ ಹಾಸ್ಟೆಲೊಂದಕ್ಕೆ ನಡೆದೆ. ಅಲ್ಲಿಯೂ ಕೊಳಚೆಯಿಂದ ಗ್ಯಾಸ್ ಮಾಡುವ ತೊಟ್ಟಿಯಿದೆ, ಅದು ಚೆನ್ನಾಗಿ ನಡೆಯುತ್ತಿದೆ. ನೋಡಿಕೊಳ್ಳುವ ಶಿವಣ್ಣ ಎರಡು ಕ್ಯಾನಿಗೂ ಕಪ್ಪು ಬಗ್ಗಡ ತುಂಬಿಕೊಟ್ಟರು.

"ಇದು ಹೆಪ್ಪು ಇದ್ದಂಗೆ ಮೇಷ್ಟ್ರೇ. ಜೀವ ಐತೆ. ಚಳಿ ತಾಗಿಸ್ಬ್ಯಾಡಿ, ಮುಚ್ಚಳ ಬಿಗಿ ಮಾಡ್ಬ್ಯಾಡಿ. ಒಳಗೆ ಗ್ಯಾಸ್ ಹುಟ್ತಾನೇ ಇರ್ತದೆ" ಎಂದರು.

"ನನಗೆ ಗೊತ್ತಿಲ್ವಾ ಶಿವಣ್ಣ" ಎಂದೆ. ಗೊತ್ತಿತ್ತು ಕೂಡ. ಆದರೆ ತುಮಕೂರಿಗೆ ವಾಪಸ್ಸು ಬಂದು ಕುಣಿಗಲ್ ಬಸ್ಸು ಹತ್ತುವಾಗ, ವಾಸನೆ ಬಂದರೆ ಮಾನ ಹೋಗುತ್ತದಲ್ಲ ಎಂದು ಹೆದರಿ ಎರಡೂ ಮುಚ್ಚಳಗಳನ್ನು ಗಟ್ಟಿಯಾಗಿ ತಿರುಗಿಸಿಬಿಟ್ಟೆ. ಮೇಲೆ ಕಂಬಳಿಯನ್ನೂ ಹೊದಿಸಿದೆ.

ಬಸ್ಸಿನ ತುಂಬ ಹೆಂಗಸರು. ಕಂಡಕ್ಟರ್ ನನ್ನ ಟಿಕೆಟ್ ಹರಿದು, ಕ್ಯಾನಿಗೆ ಲಗೇಜ್ ಟಿಕೆಟ್ಟನ್ನೂ ಹರಿದ. "ಫ್ರೀ ಇರೋದು ಹೆಂಗಸ್ರಿಗೆ ಸಾರ್, ಕ್ಯಾನಿಗಲ್ಲ" ಎಂದ. ಪಕ್ಕದಲ್ಲಿ ಕೂತಿದ್ದ ಕೊತ್ತಗೆರೆಯ ಅಜ್ಜಿ ಕಂಬಳಿಯನ್ನು ಮುಟ್ಟಿ ನೋಡಿ, "ಏನ್ ಸ್ವಾಮಿ ಇದು, ಬಾಣಂತಿಗೆ ಹೊದ್ಸಿದಂಗೆ ಹೊದ್ಸಿದೀರಿ?" ಎಂದು ಕೇಳಿದರು. "ಗೊಬ್ಬರ" ಎಂದೆ.

ಹೆಬ್ಬೂರು ಸಮೀಪಿಸುತ್ತಿತ್ತು. ರಸ್ತೆಯುಬ್ಬಿನ ಮೇಲೆ ಬಸ್ಸು ಎಗರಿತು. ಡಬ್ ಎಂದು ಸದ್ದಾಗಿ ಒಂದು ಮುಚ್ಚಳ ಹಾರಿತು. ಕಂಬಳಿ ಇದ್ದುದರಿಂದ ಜನ ಉಳಿದುಕೊಂಡರು. ಕಂಡಕ್ಟರ್‌ನ ಪ್ಯಾಂಟು ಉಳಿಯಲಿಲ್ಲ.

"ಏನ್ರೀ ಇದು?"

"ಕೊಳಚೆ ಬಗ್ಗಡ" ಎಂದೆ. ಸುಳ್ಳು ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಆತ ಬಾಯಿಗೆ ಬಂದದ್ದನ್ನೆಲ್ಲ ಅಂದ. ಅನ್ನಬೇಕಾದ್ದೇ. ಹೆಬ್ಬೂರಿನಲ್ಲಿ ಬಸ್ಸು ನಿಲ್ಲಿಸಿದಾಗ ಟೀ ಅಂಗಡಿಯಿಂದ ಬಕೆಟ್ಟು, ಪೊರಕೆ ಇಸ್ಕೊಂಡು ಬಂದು ಬಸ್ಸು ತೊಳೆದೆ. ಮೂಗಿಗೆ ಸೆರಗು ಹಿಡಿದುಕೊಂಡೇ ಅಜ್ಜಿ ನೀರು ಹಾಕಿಕೊಟ್ಟರು. ಬಸ್ಸು ನನ್ನನ್ನು ಬಿಟ್ಟು ಹೋಯಿತು. ಉಬ್ಬಿದ್ದ ಇನ್ನೊಂದು ಕ್ಯಾನಿನ ಮುಚ್ಚಳವನ್ನು ಮೆಲ್ಲಗೆ ಸಡಿಲ ಮಾಡಿದೆ. ಬುಸ್ಸೆಂದು ಗಾಳಿ ಹೋಯಿತು. ರಸ್ತೆ ಬದಿಯಲ್ಲಿ ನಿಂತು ನನಗೇ ನಾಚಿಕೆಯಾಯಿತು. ತಿಳಿದವರ ಮಾತನ್ನು ಎರಡನೇ ಸಲ ಗಾಳಿಗೆ ತೂರಿದ್ದೆ, ಅರ್ಧ ಹೆಪ್ಪು ಹಾಳಾಗಿತ್ತು.

ತೆಂಗಿನ ಸಿಪ್ಪೆ ತುಂಬಿಕೊಂಡು ಹೋಗುತ್ತಿದ್ದ ಲಗೇಜ್ ಆಟೋದವನೊಬ್ಬ ಹತ್ತಿಸಿಕೊಂಡ. ಸಿಪ್ಪೆಯ ಮೇಲೆ ಕೂತು, ಕ್ಯಾನನ್ನು ತಬ್ಬಿಕೊಂಡು ಕುಣಿಗಲ್ ತಲುಪಿದಾಗ ಮಧ್ಯಾಹ್ನ ಎರಡು ಗಂಟೆ.

ಜಯಮ್ಮ ಆಗಲೇ ಸುಣ್ಣದ ತಿಳಿ ಬೆರೆಸಿ ತೊಟ್ಟಿಯ ಹುಳಿ ತಗ್ಗಿಸುತ್ತಿದ್ದರು. ನನ್ನ ಒದ್ದೆ ಪಂಚೆ ನೋಡಿದರು, ಒಂದೇ ಕ್ಯಾನು ನೋಡಿದರು. ನಾನೇ ಎಲ್ಲವನ್ನೂ ಹೇಳಿದೆ. ಕ್ಯಾನನ್ನು ಸೀದಾ ತೊಟ್ಟಿಗೆ ಸುರಿಸಬೇಕೆಂಬ ಮಾತು ನಾಲಗೆಯ ತುದಿಯಲ್ಲಿತ್ತು. ಅದನ್ನು ಕಚ್ಚಿ ಹಿಡಿದು, "ಏನು ಮಾಡೋಣ ಹೇಳಮ್ಮ" ಎಂದೆ.

"ಇಷ್ಟ್ನ ಅಷ್ಟ್ ದೊಡ್ಡ ತೊಟ್ಟಿಗೆ ಹಾಕಿದ್ರೆ ಏನ್ ಗೊತ್ತಾಯ್ತದೆ ಸಾರ್? ಮೊದ್ಲು ಡ್ರಮ್ಮಲ್ಲಿ ಬೆಳೆಸ್ಕಳನ. ಒಸಿ ಸಗಣಿ, ಒಸಿ ಹೊಸ ಕೊಳಚೆ. ಹಸಿವಾದಷ್ಟೇ ಊಟ."

ಹಾಗೇ ಮಾಡಿದೆವು. ಡ್ರಮ್ಮನ್ನು ಬಿಸಿಲಿಗೆ ಇಟ್ಟು, ಬಾಯಿಗೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗಾಳಿ ಆಡದಂತೆ ಬಿಗಿದು ಕಟ್ಟಿದರು. ಸಂಜೆಯಾದರೆ ಚಳಿ ತಾಗದಂತೆ ಸುತ್ತ ಹುಲ್ಲು ಒಟ್ಟುತ್ತಿದ್ದರು. ನಾನು ಊರಿನಲ್ಲಿ ರೂಮು ಮಾಡಿಕೊಂಡೆ. ಒಳಗೆ ಗ್ಯಾಸ್ ಹುಟ್ಟಿದರೆ ಹಾಳೆ ಉಬ್ಬಬೇಕು, ಭಾನುವಾರವೆಲ್ಲ ಅದು ಜೋತುಬಿದ್ದೇ ಇತ್ತು. ಮಧ್ಯಾಹ್ನ ಜಯಮ್ಮ ಅವರೆಕಾಳು ಸಾರು, ಮುದ್ದೆ ಬಡಿಸಿದರು. ಕಟ್ಟಿಗೆ ಒಲೆಯಲ್ಲಿ ಮಾಡಿದ ಅಡುಗೆ. ಹೊಗೆಗೆ ಅವರ ಕಣ್ಣು ಕೆಂಪಾಗಿದ್ದವು.

ಸೋಮವಾರ ಹತ್ತು ಗಂಟೆಗೆ ಹೋದೆ. ಹಾಳೆ ಪೂರಿಯ ಹಾಗೆ ಉಬ್ಬಿ ನಿಂತಿತ್ತು. ನಾನು ಮಕ್ಕಳಂತೆ ಚಪ್ಪಾಳೆ ಹೊಡೆದೆ. ಜಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಇಂಜಿನಿಯರ್ ಬಂದು ಹಾಳೆಯನ್ನು ಬೆರಳಿಂದ ಒತ್ತಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ತೊಟ್ಟಿ ಸರಿ ಹೋಗಕ್ಕೆ ಎಷ್ಟು ದಿನ ಬೇಕು ಸಾರ್?" ಎಂದು ಕೇಳಿದರು.

"ಜಯಮ್ಮನವರನ್ನ ಕೇಳಿ" ಎಂದೆ.

"ಒಂದ್ ತಿಂಗ್ಳು ಕೊಡಿ ಸಾರ್. ಆದ್ರೆ ನನ್ನ ಕೇಳ್ದೆ ಯಾರೂ ತೊಟ್ಟಿಗೆ ಏನೂ ಹಾಕಂಗಿಲ್ಲ." ಜಯಮ್ಮ ನನ್ನ ಕಡೆ ನೋಡಿದರು. "ಯಾರೂ ಅಂದ್ರೆ ಯಾರೂ."

ಇಂಜಿನಿಯರ್ ನಗುತ್ತಲೇ ಒಪ್ಪಿ ಹೊರಟರು. ತೊಟ್ಟಿಗೆ ಕೊಳಚೆ ಹಾಕುವ ಗುಂಡಿಯ ಬೀಗಕ್ಕೆ ಎರಡು ಕೀಲಿಗಳಿದ್ದವು. ಒಂದು ನನ್ನ ಮನೆಯ ಕೀಲಿಗೊಂಚಲಿನಲ್ಲಿತ್ತು. ಜಯಮ್ಮ ಕೇಳಲಿಲ್ಲ. ನಾನೇ ಬಿಚ್ಚಿ ಅವರ ಕೈಗೆ ಕೊಟ್ಟೆ.

"ತಿಂಗ್ಳಿಗೊಂದ್ಸಲ ಬರದು ನಿಲ್ಲಿಸ್ಬ್ಯಾಡಿ ಸಾರ್" ಎಂದರು.

ಗೇಟು ದಾಟಿ ತಿರುಗಿ ನೋಡಿದೆ. ಜಯಮ್ಮ ಗುಂಡಿಗೆ ಬೀಗ ಹಾಕಿ ಎಳೆದು ನೋಡುತ್ತಿದ್ದರು. ನಾನು ಇನ್ನೂ ಅಲ್ಲೇ ನಿಂತಿರುವುದನ್ನು ಕಂಡು, ಇನ್ನೊಂದು ಸಲ ಎಳೆದು ನೋಡಿದರು.