ಶೆಡ್ ಮುಚ್ಚೋಣವೇ ಎಂದು ಕೇಳಿದ ಸೋಮವಾರ

ಗೇಟು, ಗ್ರಿಲ್, ರೋಲಿಂಗ್ ಶಟರ್ ಮಾಡುವ ವ್ಯವಹಾರ ನನ್ನದು. ಆಫೀಸು ಶಿವಮೊಗ್ಗದ ವಿನೋಬನಗರದಲ್ಲಿ, ಕೆಲಸ ನಡೆಯುವ ಶೆಡ್ ಭದ್ರಾವತಿಯಲ್ಲಿ. ಸೋಮವಾರ ಬೆಳಿಗ್ಗೆ ಎಲ್ಲರೂ ಸೇರಿ ಮೀಟಿಂಗ್. ಮಾರಾಟ ನೋಡಿಕೊಳ್ಳುವವರು, ಲೆಕ್ಕ ನೋಡುವ ಹೆಂಗಸು, ನಾನು ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ಮಾತಾಡುತ್ತಿದ್ದೆವು. ಭದ್ರಾವತಿಯಿಂದ ಬಸ್ಸಿಗೆ ಬರುವ ಮೇಸ್ತ್ರಿ ಮಾತ್ರ ಮೂಲೆಯ ಕುರ್ಚಿಯಲ್ಲಿ ನಗುತ್ತ ತಲೆಯಾಡಿಸುತ್ತಿದ್ದರು. ಎಂಥ ತಾಳ್ಮೆಯ ಮನುಷ್ಯ ಎಂದುಕೊಳ್ಳುತ್ತಿದ್ದೆ.

ಒಂದು ಸೋಮವಾರ ಶೆಡ್ಡನ್ನು ಶಿವಮೊಗ್ಗಕ್ಕೇ ತರುವ ಮಾತು ಬಂತು. ಗದ್ದಲದ ನಡುವೆ ನಾನು ಲ್ಯಾಪ್‌ಟಾಪ್ ನೋಡುತ್ತಲೇ ಕೇಳಿದೆ: "ಮೇಸ್ತ್ರಿಗಳೇ, ಭದ್ರಾವತಿ ಶೆಡ್ ಮುಚ್ಚಿಬಿಡೋಣ ಅಂತಿದಾರೆ. ನೀವೇನಂತೀರಿ?"

ಎಲ್ಲರೂ ಅವರತ್ತ ತಿರುಗಿದರು. "ಆಗ್ಲಿ ಮೇಡಂ, ಒಳ್ಳೇದಾಯ್ತು" ಎಂದರು, ನಗುತ್ತ.

ನಾನು ದಂಗಾಗಿ ತಲೆಯೆತ್ತಿದೆ. ಆ ಶೆಡ್ಡಿನ ಒಂದೊಂದು ಕಂಬವನ್ನೂ ಸ್ವತಃ ನಿಲ್ಲಿಸಿದವರು ಅವರು.

ಮೀಟಿಂಗ್ ಮುಗಿಯುತ್ತಲೇ ಅವರ ಹಿಂದೆ ಮೆಟ್ಟಿಲಿಳಿದೆ. ಕೂಗಿದೆ, ತಿರುಗಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಎದುರಿನ ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತವರೆಲ್ಲ ನನ್ನತ್ತ ನೋಡಿದರು, ಅವರೊಬ್ಬರನ್ನು ಬಿಟ್ಟು. ಓಡಿಹೋಗಿ ಭುಜ ಮುಟ್ಟಿದೆ. ಬೆಚ್ಚಿ ತಿರುಗಿದವರು ನನ್ನ ಮುಖ ನೋಡಿದ್ದೇ ಎಲ್ಲ ಅರ್ಥಮಾಡಿಕೊಂಡರು.

"ಗ್ರೈಂಡರ್ ಸದ್ದು ಮೇಡಂ. ಹೋಗ್ತಾ ಹೋಗ್ತಾ ಕಿವಿ ಮುಕ್ಕಾಲು ಹೋಯ್ತು. ಹೇಳಿದ್ರೆ ಕೆಲಸದಿಂದ ಬಿಡಿಸ್ತೀರೇನೋ ಅಂತ ಭಯ."

"ಮತ್ತೆ ಇಷ್ಟು ದಿನ ಮೀಟಿಂಗಲ್ಲಿ?"

"ಒಬ್ರು ಮಾತಾಡಿದ್ರೆ ತುಟಿ ನೋಡಿ ತಿಳ್ಕೋತೀನಿ. ನೀವೆಲ್ಲ ಒಟ್ಟಿಗೆ ಮಾತಾಡಿದ್ರೆ ಯಾರ ತುಟಿ ನೋಡ್ಲಿ?"

ಹಾಗಾದರೆ ಅಲ್ಲಿ ಆದ ತೀರ್ಮಾನಗಳು ಇವರಿಗೆ ತಿಳಿಯುತ್ತಿದ್ದುದು ಹೇಗೆ? ಬಸ್ ಹತ್ತಿದ ಮೇಲೆ, ಇವತ್ತು ಏನು ತೀರ್ಮಾನವಾಯ್ತು ಎಂದು ಲೆಕ್ಕದ ಹೆಂಗಸಿಗೆ ಮೆಸೇಜ್ ಹಾಕುತ್ತಿದ್ದರಂತೆ. ಮರೆವು ಜಾಸ್ತಿ ಪಾಪ ಎಂದು ಆಕೆ ಎಲ್ಲವನ್ನೂ ಎರಡೇ ಸಾಲಲ್ಲಿ ಬರೆದು ಕಳಿಸುತ್ತಿದ್ದರು. ಅದನ್ನು ಕೇಳಿ ನಾನು ಮತ್ತೊಮ್ಮೆ ಬೆಪ್ಪಾದೆ. ಬೆಳಿಗ್ಗೆಯೆಲ್ಲ ಗಂಟಲು ಹರಿದುಕೊಂಡು ನಾವು ನಡೆಸುತ್ತಿದ್ದ ಮೀಟಿಂಗಿನಲ್ಲಿ ಎರಡು ಸಾಲಿಗಿಂತ ಹೆಚ್ಚೇನೂ ಇರುತ್ತಿರಲಿಲ್ಲ!

"ಕೆಲಸ ಎಲ್ಲೂ ಹೋಗಲ್ಲ" ಎಂದು ಅವರ ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ ಹೇಳಿದೆ. ಅವರು ಕಣ್ಣೊರೆಸಿಕೊಂಡರು.

ಮುಂದಿನ ಸೋಮವಾರ ಎಲ್ಲರಿಗೂ ಅವರೇ ಹೇಳಿದರು. ಲೆಕ್ಕದ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ಕೂತರು. "ಪಕ್ಕದಲ್ಲೇ ಕೂತಿರ್ತೀನಲ್ಲ ಮಾರಾಯ್ರೇ, ನಂಗೇ ಗೊತ್ತಾಗ್ಲಿಲ್ವಲ್ಲ!" ಎಂದರು ಮಾರಾಟದವರು. ಎಲ್ಲರ ಮುಖವೂ ಅವರಿಗೆ ಕಾಣುವಂತೆ ಕುರ್ಚಿಗಳನ್ನು ದುಂಡಗೆ ಹಾಕಿದೆವು. ಆವತ್ತು ತೀರ್ಮಾನವಾಗಬೇಕಾದ್ದನ್ನು ಮೊದಲೇ ಬೋರ್ಡಿನ ಮೇಲೆ ಬರೆದೆ. ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಬಾಯಿ ತೆರೆಯುವಂತಿಲ್ಲ.

ಮೊದಲ ಪ್ರಶ್ನೆ ಶೆಡ್ಡಿನದೇ. ಬೋರ್ಡ್ ಓದಿದ ಮೇಸ್ತ್ರಿ ಎದ್ದೇ ನಿಂತರು. "ಮುಚ್ಚೋದಾ? ಯಾರು ಹೇಳಿದ್ದು? ವೆಲ್ಡರ್‌ಗಳ ಮನೆ ಎಲ್ಲಾ ಅಲ್ಲೇ ಇದೆ. ಇಲ್ಲಿ ವಿನೋಬನಗರದ ಮನೆಗಳ ಮಧ್ಯೆ ಗ್ರೈಂಡರ್ ಹಾಕಿದ್ರೆ ಜನ ಸುಮ್ನೆ ಬಿಡ್ತಾರಾ ಮೇಡಂ?" ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾವು ಯಾರೂ ಕೇಳಿರಲಿಲ್ಲ. ಚಹಾ ಬರುವಷ್ಟರಲ್ಲಿ ಮೀಟಿಂಗ್ ಮುಗಿದಿತ್ತು. ಶೆಡ್ ಭದ್ರಾವತಿಯಲ್ಲೇ ಉಳಿಯಿತು.

ಈಗ ಅವರ ಕಿವಿಗೆ ಮಷಿನ್ ಬಂದಿದೆ. ಅದನ್ನು ಹಾಕಿಕೊಂಡು ಮೊದಲ ಸಲ ಶೆಡ್ಡಿಗೆ ಹೋದವರು ಗ್ರೈಂಡರ್ ಸದ್ದಿಗೆ ಹೌಹಾರಿ ಹೊರಗೆ ಓಡಿಬಂದರಂತೆ. ಮಾರನೆಯ ದಿನವೇ ಹುಡುಗರೆಲ್ಲರಿಗೂ ಕಿವಿ ಮುಚ್ಚುವ ಮಫ್ ತರಿಸಿಕೊಟ್ಟರು.